ಹೆಸರು ಬೇಡವೆಂದವರ ಹೆಸರಿನ ರಸ್ತೆ

ಹೆಸರಿಡುವ ಕೆಲಸ ನಮ್ಮ ಕಡೆ ಹೆಂಗಸರದು. ತೊಟ್ಟಿಲ ಸುತ್ತ ನಾಲ್ಕು ಮುತ್ತೈದೆಯರು ನಿಲ್ಲುತ್ತಾರೆ. ಸೋದರತ್ತೆ ಕೂಸಿನ ಕಿವಿಗೆ ಬಾಯಿ ಹಚ್ಚಿ 'ಕುರ್ರ್' ಎಂದು ಹೆಸರು ಹೇಳುತ್ತಾಳೆ, ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ, ಆಮೇಲೆ ಗುಗ್ಗರಿ ಹಂಚುತ್ತಾರೆ. ಅಷ್ಟಕ್ಕೇ ಹೆಸರು ಗಟ್ಟಿಯಾಯಿತು. ಅರ್ಜಿ ಬೇಡ, ಠರಾವು ಬೇಡ, ಫಲಕ ಬೇಡ. ಆ ಕೂಸು ಮುಂದೆ ಮುದುಕಿಯಾದರೂ ಆ ಹೆಸರಿಗೆ ತಿರುಗಿ ನೋಡುತ್ತದೆ.

ಹೆಸರು ಬದಲಿಸುವುದು ಹೇಗಿರುತ್ತದೆಂಬುದೂ ನಮಗೆ ಗೊತ್ತು. ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರವಿ, ಮದುಮಗನ ಕೈಗೆ ಉಂಗುರ ಕೊಟ್ಟು, ಹುಡುಗಿಯ ಹೊಸ ಹೆಸರು ಬರೆಸುವ ಪದ್ಧತಿ ನಮ್ಮ ಕಡೆ ಅನೇಕ ಮನೆಗಳಲ್ಲಿತ್ತು. ಈಗ ಅದು ಕಡಿಮೆಯಾಗಿದೆ. ಆದರೆ ನನ್ನ ವಾರಿಗೆಯ ಎಷ್ಟೋ ಜನರಿಗೆ ಇಂದಿಗೂ ಎರಡು ಹೆಸರು. ಗಂಡನ ಮನೆಯ ರೇಷನ್ ಕಾರ್ಡಿನಲ್ಲಿ ಒಂದು, ತವರಿನ ಬಾಯಲ್ಲಿ ಇನ್ನೊಂದು. ಬರೆದ ಹೆಸರು ಯಾವುದೇ ಇರಲಿ, ಕಷ್ಟದಲ್ಲಿ ಕರೆಯುವುದು ಹಳೆಯ ಹೆಸರಿನಿಂದಲೇ.

ರಸ್ತೆಗೆ ಹೆಸರಿಡುವುದು ಮಾತ್ರ ಗಂಡಸರ ಕೆಲಸವಾಗಿ ಉಳಿದಿದೆ. ಪುರಸಭೆಯಲ್ಲಿ ಮಹಿಳಾ ಸದಸ್ಯರಿದ್ದರೂ ಈ ವಿಷಯ ಬಂದಾಗ ಮಾತಾಡುವವರು ಬೇರೆ. ಯಾವ ಹೆಸರು, ಎಷ್ಟು ದೊಡ್ಡ ಫಲಕ, ಯಾರಿಂದ ಉದ್ಘಾಟನೆ ಎಂಬುದೆಲ್ಲ ಚಹಾದಂಗಡಿಯಲ್ಲಿ ತೀರ್ಮಾನವಾಗುತ್ತದೆ. ಆ ರಸ್ತೆಯಲ್ಲಿ ದಿನಕ್ಕೆ ನಾಲ್ಕು ಸಲ ನೀರಿಗೆ, ಸಂತೆಗೆ, ಸಾಲೆಗೆ, ಗಿರಣಿಗೆ ಓಡಾಡುವವರನ್ನು ಯಾರೂ ಕೇಳುವುದಿಲ್ಲ.

ನಮ್ಮದು ವಿಜಯಪುರ ಸೀಮೆಯ ಒಂದು ಸಣ್ಣ ಊರು. ನಮ್ಮ ಓಣಿಯ ರಸ್ತೆಗೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಹೆಸರಿಡಬೇಕೆಂಬ ಮಾತು ಎದ್ದಿತು. ಓಣಿಯ ಹಿರಿಯರು ನಾಲ್ವರು ನಮ್ಮ ಮನೆಗೆ ಬಂದರು. "ಅಕ್ಕಾರ, ನಿಮ್ಮ ಭಾಷಾ ಚಲೋ ಐತಿ. ಪುರಸಭೆಗೆ ಮನವಿ ನೀವ ಬರ್ದ ಕೊಡ್ರಿ" ಎಂದರು. ನಾನು ಚಹಾ ಕೊಟ್ಟು, "ಬರೀತೀನ್ರಿ, ಆದ್ರ ಮೊದಲ ಅಪ್ಪಾವರು ಬರದಿಟ್ಟ ಪತ್ರಾ ಒಮ್ಮೆ ಎಲ್ಲಾರೂ ಕೂಡಿ ಓದೋಣು" ಎಂದೆ. ಪತ್ರ ಓದಿಯಾದ ಮೇಲೆ ಆದ ಚರ್ಚೆಯೇ ಈ ಲೇಖನಕ್ಕೆ ಕಾರಣ.

ಸ್ವಾಮೀಜಿಯವರು ಬಿಜ್ಜರಗಿಯಲ್ಲಿ ಹುಟ್ಟಿದವರು. ವೇದಾಂತ ಕೇಸರಿ ಎಂದು ಹೆಸರಾದ ಮಲ್ಲಿಕಾರ್ಜುನ ಸ್ವಾಮೀಜಿಯವರ ಶಿಷ್ಯರು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವರು. ಬಿಳಿಯ ಅಂಗಿ, ಅದಕ್ಕೆ ಜೇಬಿಲ್ಲ. ಇದನ್ನು ನಮ್ಮ ಕಡೆ ಸಣ್ಣ ಮಕ್ಕಳೂ ಹೇಳುತ್ತಾರೆ. ಅವರ ಕೆಲಸವೆಂದರೆ ಪ್ರವಚನ. ಊರಿಂದ ಊರಿಗೆ ಹೋಗಿ, ಒಂದೊಂದು ಊರಿನಲ್ಲಿ ದಿನಗಟ್ಟಲೆ ನಿಂತು, ಮುಂಜಾನೆ ಮಾತಾಡುತ್ತಿದ್ದರು.

ಆ ಮಾತಿನ ಬಗ್ಗೆ ಒಬ್ಬ ಶಿಕ್ಷಕಿಯಾಗಿ ನಾಲ್ಕು ಮಾತು ಹೇಳುವುದು ತಪ್ಪಾಗಲಾರದು. ಧ್ವನಿ ಏರಿಸದೆ ಸಾವಿರಾರು ಜನರನ್ನು ಹಿಡಿದು ಕೂರಿಸುವುದು ಸಣ್ಣ ವಿದ್ಯೆಯಲ್ಲ. ನಲವತ್ತು ಮಕ್ಕಳ ವರ್ಗದಲ್ಲಿ ನಾವು ಮೇಜು ಕುಟ್ಟುತ್ತೇವೆ. ಅವರು ನಿಧಾನವಾಗಿ, ನಡುನಡುವೆ ನಿಂತು ಮಾತಾಡುತ್ತಿದ್ದರು. ಆ ಬಿಡುವಿನಲ್ಲಿ ಕೇಳುವವರು ತಮ್ಮ ಮನೆಯ ಸಂಗತಿಯನ್ನು ತಾವೇ ತುಂಬಿಕೊಳ್ಳುತ್ತಿದ್ದರು. ದೃಷ್ಟಾಂತಕ್ಕೆ ಹೊಲ, ಹಕ್ಕಿ, ಮಳೆ, ಆಕಾಶ ಸಾಕಾಗುತ್ತಿದ್ದವು. ಯಾರನ್ನೂ ಬೈಯುತ್ತಿರಲಿಲ್ಲ, ಯಾರಿಂದಲೂ ಏನನ್ನೂ ಬೇಡುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಸುರು, ಹೊತ್ತಿಗೆ ಸರಿಯಾಗಿ ಮುಕ್ತಾಯ. ಒಲೆಯ ಮೇಲೆ ಅನ್ನಕ್ಕಿಟ್ಟು ಬಂದ ಹೆಂಗಸಿಗೆ ಇದರ ಬೆಲೆ ಗೊತ್ತಾಗುತ್ತದೆ.

ಒಂದು ಕೊರತೆಯನ್ನೂ ಹೇಳಬೇಕು. ಅವರ ಮಾತು ಮನಸ್ಸನ್ನು ಹಗುರ ಮಾಡುತ್ತಿತ್ತು. ಆದರೆ ಮನೆಯ ಕೆಲಸ ಹಗುರ ಮಾಡುವ ಮಾತು ನಮ್ಮ ಯಾವ ಪ್ರವಚನದಲ್ಲಿಯೂ ಸಾಕಷ್ಟು ಬರುವುದಿಲ್ಲ. 'ಸಮಾಧಾನದಿಂದಿರಿ' ಎಂಬ ಮಾತನ್ನು ಗಂಡಸು ಕೇಳುವುದು ಬೇರೆ, ಮೊದಲೇ ಸಮಾಧಾನದ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡು ಬಂದ ಹೆಂಗಸು ಕೇಳುವುದು ಬೇರೆ. ಈ ಪ್ರಶ್ನೆ ಅವರೊಬ್ಬರಿಗೆ ಸಂಬಂಧಿಸಿದ್ದಲ್ಲ, ಪ್ರವಚನವೆಂಬ ಪರಂಪರೆಗೇ ಸಂಬಂಧಿಸಿದ್ದು.

ಆದರೂ ಆ ಪ್ರವಚನಗಳು ನಮ್ಮ ಹೆಂಗಸರಿಗೆ ಒಂದು ದೊಡ್ಡ ಉಪಕಾರ ಮಾಡಿದವು. ನಮ್ಮ ಊರಿನಲ್ಲಿ ಪ್ರವಚನ ನಡೆದ ದಿನಗಳಲ್ಲಿ ಓಣಿಯ ಹೆಂಗಸರೆಲ್ಲ ಬೆಳಗಿನ ಐದು ಗಂಟೆಗೆ ಎದ್ದು, ಕಸ ನೀರು ಮುಗಿಸಿ, ಚಾದರ ಹೊದ್ದು, ಗುಂಪಾಗಿ ಹೊರಡುತ್ತಿದ್ದರು. ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ಬರುತ್ತೀ ಎಂದು ಯಾವ ಮನೆಯಲ್ಲಿಯೂ ಕೇಳುತ್ತಿರಲಿಲ್ಲ. ಸಿನಿಮಾಕ್ಕೆ ಕಳಿಸದ ಅತ್ತೆ ಪ್ರವಚನಕ್ಕೆ ತಾನೇ ಕರೆದುಕೊಂಡು ಹೋಗುತ್ತಿದ್ದಳು. ಎದುರುಮನೆಯ ಕಾಕು ಒಮ್ಮೆ ಹೇಳಿದರು: "ಅಪ್ಪಾವರ ಮಾತ ಅರ್ಧಾ ತಿಳೀತಿತ್ತು ಅರ್ಧಾ ತಿಳೀತಿರಲಿಲ್ಲವಾ. ಆದ್ರ ಅಷ್ಟೊತ್ತು ನನ್ನ ಯಾರೂ ಕರೀತಿರಲಿಲ್ಲ." ಒಂದು ತಾಸು ಯಾರೂ ಕರೆಯದೆ ಇರುವುದೆಂದರೇನೆಂದು ಸಂಸಾರಸ್ಥೆಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಂಥವರಿಗೆ ನಾವು ಋಣಿಗಳು. ಋಣ ತೀರಿಸುವ ಬಗೆ ಯಾವುದು ಎಂಬುದೇ ಪ್ರಶ್ನೆ. ಬೇರೆಯವರ ವಿಷಯದಲ್ಲಾದರೆ ನಾವು ಊಹೆ ಮಾಡಬೇಕಾಗುತ್ತಿತ್ತು. ಸ್ವಾಮೀಜಿಯವರು ಊಹೆಗೆ ಜಾಗ ಬಿಟ್ಟಿಲ್ಲ. 2014ರ ಗುರುಪೂರ್ಣಿಮೆಯಂದು ಅವರು 'ಅಂತಿಮ ಅಭಿವಂದನ ಪತ್ರ' ಬರೆದಿಟ್ಟರು. ತಮ್ಮ ದೇಹವನ್ನು ಮಣ್ಣಿಗಿಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧದಂಥ ವಿಧಿಗಳು ಬೇಡ, ಚಿತಾಭಸ್ಮವನ್ನು ನದಿಯಲ್ಲೋ ಸಾಗರದಲ್ಲೋ ಬಿಡಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂಬುದು ಅದರ ಸಾರ. 2018ರಲ್ಲಿ ಪದ್ಮಶ್ರೀ ಬಂದಾಗ, ಸನ್ಯಾಸಿಗೆ ಪ್ರಶಸ್ತಿಯ ಅಗತ್ಯವಿಲ್ಲವೆಂದು ಪ್ರಧಾನಿಗೆ ವಿನಯದಿಂದ ಬರೆದು ಒಪ್ಪದೆ ಉಳಿದರು.

2023ರ ಜನವರಿ 2ರಂದು, ವೈಕುಂಠ ಏಕಾದಶಿಯ ದಿನ, ಅವರು ತೀರಿಕೊಂಡರು. ಮರುದಿನ ವಿಜಯಪುರದ ಸೈನಿಕ ಶಾಲೆಯ ಮೈದಾನದಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಆ ಸಂಜೆ ಆಶ್ರಮದ ಆವರಣದಲ್ಲಿ, ಅವರು ಬರೆದಿಟ್ಟಂತೆಯೇ, ದಹನ ನಡೆಯಿತು. ನಮ್ಮ ಕಡೆ ಸ್ವಾಮಿಗಳೆಂದರೆ ಸಮಾಧಿ, ಅದರ ಮೇಲೊಂದು ಗದ್ದುಗೆ, ಗದ್ದುಗೆಯ ಮೇಲೊಂದು ಗುಡಿ, ಗುಡಿಗೊಂದು ಜಾತ್ರೆ. ಇದು ರೂಢಿ. ಆ ಸರಪಳಿಯ ಮೊದಲ ಕೊಂಡಿಯನ್ನೇ ಅವರು ಕಳಚಿದರು. ಹೂಳುವ ಜಾಗವಿಲ್ಲದಿದ್ದರೆ ಗದ್ದುಗೆ ಎಲ್ಲಿ? ಶಿಷ್ಯರೂ ಸರಕಾರವೂ ಆ ಮಾತನ್ನು ನಡೆಸಿಕೊಟ್ಟರು. ಅಷ್ಟು ಜನರ ಭಾವಾವೇಶದ ನಡುವೆ ಅದು ಸುಲಭದ ಕೆಲಸವಾಗಿರಲಾರದು.

ಹೀಗಿರುವಾಗ ರಸ್ತೆಯ ಫಲಕ ಸ್ಮಾರಕವೋ ಅಲ್ಲವೋ? ನಮ್ಮ ಮನೆಯ ಪಡಸಾಲೆಯಲ್ಲಿ ಆದ ಚರ್ಚೆ ಇದೇ. ಒಬ್ಬ ಹಿರಿಯರು, "ಗುಡಿ ಕಟ್ಟಬ್ಯಾಡ್ರಿ ಅಂದಾರ ಖರೆ. ರಸ್ತಾಕ್ಕ ಹೆಸರ ಇಡಬ್ಯಾಡ್ರಿ ಅಂತ ಎಲ್ಲಿ ಬರದಾರ?" ಎಂದು ಕೇಳಿದರು. ವಕೀಲರ ಕೈಗೆ ಸಿಕ್ಕರೆ ಈ ವಾದ ಗೆಲ್ಲಬಹುದು. ಆದರೆ ಅಪ್ಪ ಸಾಯುವಾಗ 'ನನ್ನ ತಿಥಿಗೆ ಸಾಲ ಮಾಡಬೇಡಿ' ಎಂದಿದ್ದರೆ, 'ಸಾಲ ಬ್ಯಾಡ ಅಂದಾರ, ಹೊಲಾ ಮಾರಬ್ಯಾಡ ಅಂದಿಲ್ಲ' ಎಂದು ಮಗ ಹೊಲ ಮಾರಿದರೆ ನಾವು ಏನನ್ನುತ್ತೇವೆ? ಹಿರಿಯರ ಮಾತಿನ ಸಂದಿಯಲ್ಲಿ ನಮ್ಮ ಆಸೆಯನ್ನು ತೂರಿಸುವುದಕ್ಕೆ ಭಕ್ತಿ ಎನ್ನಲಾಗದು.

ಇನ್ನೊಬ್ಬರ ಮಾತು ಇದಕ್ಕಿಂತ ಪ್ರಾಮಾಣಿಕವಾಗಿತ್ತು. "ಅವರಿಗೆ ಬ್ಯಾಡಾಗಿತ್ರಿ. ನಮಗ ಬೇಕಾಗೇತಿ" ಎಂದರು. ಇದಕ್ಕೆ ನಾನು ತಲೆದೂಗಿದೆ. ಸ್ಮಾರಕಗಳೆಲ್ಲ ಉಳಿದವರಿಗಾಗಿಯೇ ಇರುವುದು. ಪ್ರೀತಿಸಿದವರ ಹೆಸರನ್ನು ದಿನಾ ಕಣ್ಣಿಗೆ ಬೀಳುವಲ್ಲಿ ಇಡಬೇಕೆನ್ನಿಸುವುದು ಸಹಜ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆಯೆಂದರೆ, ಫಲಕದ ಮೇಲಿಟ್ಟ ಹೆಸರು ನಿಜವಾಗಿಯೂ ನೆನಪನ್ನು ಉಳಿಸುತ್ತದೆಯೇ ಎಂಬುದು.

ನಮ್ಮ ಕಣ್ಣೆದುರಿಗಿರುವ ಉದಾಹರಣೆಗಳನ್ನೇ ನೋಡಿ. ಮಹಾತ್ಮಾ ಗಾಂಧಿ ರಸ್ತೆ ಎಲ್ಲ ಊರಲ್ಲಿಯೂ ಎಂ.ಜಿ. ರೋಡ್ ಆಗಿದೆ. ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆ ಜೆ.ಸಿ. ರೋಡ್, ಕೆಂಪೇಗೌಡ ರಸ್ತೆ ಕೆ.ಜಿ. ರೋಡ್. ಏಳನೆಯ ವರ್ಗದ ಮಕ್ಕಳಿಗೆ ಈ ಅಕ್ಷರಗಳನ್ನು ಬಿಡಿಸಿ ಹೇಳಲು ಹೇಳಿದರೆ ಗಾಂಧಿಯೊಬ್ಬರನ್ನು ಹೇಳಿ ಸುಮ್ಮನಾಗುತ್ತಾರೆ. ಹೆಸರನ್ನು ಉಳಿಸಲೆಂದು ಇಟ್ಟ ಫಲಕವೇ ಹೆಸರನ್ನು ಎರಡು ಅಕ್ಷರಕ್ಕೆ ಇಳಿಸಿತು. ನಮ್ಮ ಸ್ವಾಮೀಜಿಯವರ ಹೆಸರಿಗೂ ಇದೇ ಗತಿ. ಅದರಲ್ಲೂ ವಿಜಯಪುರದಲ್ಲಿ ಸಿದ್ಧೇಶ್ವರನೆಂದರೆ ಊರ ದೇವರು, ಸಂಕ್ರಮಣಕ್ಕೆ ಅವನ ಜಾತ್ರೆ. ಇನ್ನು ಐವತ್ತು ವರ್ಷಕ್ಕೆ ಫಲಕ ನೋಡಿದವರು ದೇವರ ಹೆಸರೆಂದು ಕೈ ಮುಗಿದು ಹೋಗುತ್ತಾರೆಯೇ ಹೊರತು, ಜೇಬಿಲ್ಲದ ಅಂಗಿಯ ಮನುಷ್ಯನೊಬ್ಬ ಇಲ್ಲಿ ಮಾತಾಡಿದ್ದನೆಂದು ತಿಳಿಯುವುದಿಲ್ಲ.

ಫಲಕದ ಮುಂದಿನ ಬದುಕೂ ನಮಗೆ ಗೊತ್ತಿದ್ದದ್ದೇ. ಮೊದಲ ವರ್ಷ ಹೂವಿನ ಮಾಲೆ. ಎರಡನೆಯ ವರ್ಷ ಅದರ ಮೇಲೆ ಯಾವುದೋ ಮುಖಂಡರ ಹುಟ್ಟುಹಬ್ಬದ ಬ್ಯಾನರು. ಮೂರನೆಯ ವರ್ಷ ಕೆಳಗಡೆ ಕಸದ ರಾಶಿ, ರಾಶಿಯಲ್ಲಿ ಹಂದಿ. ಅದೇ ರಸ್ತೆಯಲ್ಲಿ ಸಾರಾಯಿ ಅಂಗಡಿ ಬಂದರೆ ಅದರ ವಿಳಾಸದಲ್ಲಿಯೂ ಸ್ವಾಮೀಜಿಯವರ ಹೆಸರು. ಇನ್ನು ಉದ್ಘಾಟನೆಯ ಕಲ್ಲನ್ನು ಗಮನಿಸಿ ನೋಡಿ. ಯಾರ ಸ್ಮರಣೆಗೆ ರಸ್ತೆಯೋ ಅವರ ಹೆಸರು ಒಂದು ಸಾಲು. ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು, ಗುತ್ತಿಗೆದಾರರು ಸೇರಿ ಹದಿನೈದು ಸಾಲು. ತನಗೆ ಹೆಸರು ಬೇಡವೆಂದವರನ್ನು ನೆಪ ಮಾಡಿಕೊಂಡು ಹದಿನೈದು ಜನರ ಹೆಸರು ಕಲ್ಲಿಗೇರುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಕಾಡುವುದು ಹಳೆಯ ಹೆಸರಿನ ಗತಿ. ನಮ್ಮ ಓಣಿಗೆ ಹೆಸರಿಲ್ಲದೇ ಇಲ್ಲ. ಬಳೆಗಾರ ಓಣಿ ಎಂದು ನೂರಾರು ವರ್ಷದಿಂದ ಕರೆಯುತ್ತಾರೆ. ಈಗ ಇಲ್ಲಿ ಬಳೆಗಾರರ ಎರಡೇ ಮನೆಗಳಿವೆ. ಆದರೂ ಸುತ್ತಲಿನ ಹಳ್ಳಿಯ ಮುದುಕಿಯರು ಈ ಹೆಸರು ಕೇಳಿದೊಡನೆ ಮುಂಗೈ ನೋಡಿಕೊಳ್ಳುತ್ತಾರೆ. ಮದುವೆಗೆ ಮುಂಚೆ ಇಲ್ಲಿಗೆ ಬಂದು ಹಸಿರು ಬಳೆ ತೊಟ್ಟದ್ದು, ಸೀಮಂತಕ್ಕೆ ತೊಟ್ಟದ್ದು, ಬಳೆಗಾರ ಕೈ ಹಿಚುಕಿದ್ದು ಎಲ್ಲ ಅವರಿಗೆ ನೆನಪಾಗುತ್ತದೆ. ಈ ಹೆಸರನ್ನು ಯಾವ ಸಭೆಯೂ ಇಟ್ಟಿದ್ದಲ್ಲ. ಅಲ್ಲಿ ನಡೆದ ಕೆಲಸ, ಅಲ್ಲಿಗೆ ಬಂದ ಹೆಂಗಸರು ಇಟ್ಟದ್ದು. ಇಂಥ ಹೆಸರುಗಳು ಪ್ರತಿ ಊರಲ್ಲಿಯೂ ಇವೆ. ಗಾಣಿಗೇರ ಓಣಿ, ಕುಂಬಾರ ಓಣಿ, ಸೀನೀರ ಬಾವಿ ರಸ್ತೆ. ಬಾವಿ ಮುಚ್ಚಿ ಹೋದರೂ ಹೆಸರು ಉಳಿದರೆ ಒಂದು ಕಾಲದಲ್ಲಿ ಅಲ್ಲಿ ಸಿಹಿ ನೀರಿತ್ತೆಂಬುದಾದರೂ ಮೊಮ್ಮಕ್ಕಳಿಗೆ ತಿಳಿಯುತ್ತದೆ.

ಮೈಸೂರಿನ ಸಂಗತಿ ನಿಮಗೆ ನೆನಪಿರಬಹುದು. ಕೆ.ಆರ್.ಎಸ್. ರಸ್ತೆಯ ಒಂದು ಭಾಗಕ್ಕೆ ಬದುಕಿರುವ ರಾಜಕಾರಣಿಯೊಬ್ಬರ ಹೆಸರಿಡುವ ಪ್ರಸ್ತಾಪ 2024ರ ಕೊನೆಯಲ್ಲಿ ಬಂದು ದೊಡ್ಡ ವಿವಾದವಾಯಿತು. ಆಗ ಹಳಬರು ಎದ್ದು, ಇದಕ್ಕೆ ಪ್ರಿನ್ಸೆಸ್ ರಸ್ತೆ ಎಂಬ ಹೆಸರು ಮೊದಲೇ ಇದೆಯೆಂದು ನೆನಪಿಸಿದರು. ಆ ರಾಜಕುಮಾರಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿ. ಕ್ಷಯರೋಗಕ್ಕೆ ಬಲಿಯಾದವರು. ಅವರ ಹೆಸರಿನಲ್ಲಿ ಅಲ್ಲಿ ಕ್ಷಯದ ಆಸ್ಪತ್ರೆ ಎದ್ದಿತು. ನೋಡಿ, ನಮ್ಮ ರಾಜ್ಯದಲ್ಲಿ ಹೆಂಗಸಿನ ನೆನಪಿಗೆ ಇರುವ ರಸ್ತೆಗಳೇ ಬೆರಳೆಣಿಕೆಯಷ್ಟು. ಅವುಗಳಲ್ಲೊಂದು ಜನರ ಬಾಯಲ್ಲಿ ಕೆ.ಆರ್.ಎಸ್. ರಸ್ತೆಯಾಗಿ ಮರೆಯಾಗಿತ್ತು. ಅಳಿಸಿ ಹೋಗುವ ಹೊತ್ತಿಗೆ ಮತ್ತೆ ನೆನಪಾಯಿತು. ಹೊಸ ಹೆಸರಿಡುವಾಗ ಯಾರ ಹೆಸರನ್ನು ಎಬ್ಬಿಸಿ ಕಳಿಸುತ್ತಿದ್ದೇವೆಂದು ಕೇಳಲೇಬೇಕೆನ್ನುವುದು ಇದಕ್ಕಾಗಿಯೇ.

ಹಾಗೆಂದು ರಸ್ತೆಗೆ ಹೆಸರಿಡುವುದೇ ದಂಡ ಎಂದು ನಾನು ಹೇಳುತ್ತಿಲ್ಲ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಇಬ್ರಾಹಿಂ ಸುತಾರರನ್ನು ನೆನೆಯಿರಿ. ಅವರೂ ಪ್ರವಚನಕಾರರೇ. ವಚನ, ತತ್ವಪದ, ಸೂಫಿ ಮಾತು ಎಲ್ಲವನ್ನೂ ಒಂದೇ ನಾಲಗೆಯಲ್ಲಿ ಹೇಳಿ ಕನ್ನಡದ ಕಬೀರ ಎನ್ನಿಸಿಕೊಂಡವರು. ಸಿದ್ಧೇಶ್ವರ ಸ್ವಾಮೀಜಿಯವರಿಗೆ ಪದ್ಮಶ್ರೀ ಬಂದ 2018ರಲ್ಲಿಯೇ ಇವರಿಗೂ ಬಂತು. 2022ರ ಫೆಬ್ರುವರಿಯಲ್ಲಿ ತೀರಿಕೊಂಡರು. ಮಠದ ಮುಂದಿನ ರಸ್ತೆಗೆ ಅವರ ಹೆಸರನ್ನೂ, ಮಸೀದಿಯ ಮುಂದಿನ ರಸ್ತೆಗೆ ಶರಣರ ಹೆಸರನ್ನೂ ಜನ ತಾವಾಗಿಯೇ ಒಪ್ಪಿ ಇಟ್ಟರೆ, ಅಂಥ ಫಲಕ ನಿಂತಲ್ಲಿಯೇ ಒಂದು ಪ್ರವಚನ ಹೇಳುತ್ತದೆ. ಈಗ ನಡೆಯುವುದು ಇದರ ಉಲ್ಟಾ. ಆಯಾ ಓಣಿಯಲ್ಲಿ ಆಯಾ ಜಾತಿಯ ಹಿರಿಯರ ಹೆಸರು. ಫಲಕ ಓದಿದರೆ ಒಳಗಿರುವವರು ಯಾರೆಂದು ತಿಳಿಯಬೇಕು, ಅಷ್ಟೆ. ಜಾತಿ ಪಂಥ ನೋಡದೆ ಎಲ್ಲರಿಗೂ ಮಾತಾಡಿದವರ ಹೆಸರನ್ನು ಬೇಲಿಗೂಟದಂತೆ ನೆಡುವುದು ಅವರಿಗೆ ಮಾಡುವ ಅಪಚಾರ.

ಪ್ರಚಾರಕರ ನೆನಪು ಬೇರೆ ರೀತಿಯಲ್ಲಿಯೂ ಉಳಿಯುತ್ತದೆ. ಬಾಸೆಲ್ ಮಿಶನ್ನಿನಿಂದ 1853ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನಂಡ್ ಕಿಟೆಲ್ ಧರ್ಮಪ್ರಚಾರಕ್ಕೆಂದೇ ಬಂದವರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಆದರೆ ಕನ್ನಡಿಗರಿಗೆ ಕಿಟೆಲ್ ಎಂದರೆ 1894ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟು. ಒಂದು ಶಬ್ದ ತಿಳಿಯದಿದ್ದರೆ 'ಕಿಟೆಲ್ ತೆಗೆದು ನೋಡಿ' ಎನ್ನುತ್ತೇವೆ. ಬಿ.ಎ. ಓದುವಾಗ ನಾನೂ ಎಷ್ಟೋ ಸಲ ತೆಗೆದು ನೋಡಿದ್ದೇನೆ. ಮನುಷ್ಯ ಮಾಡಿದ ಕೆಲಸ ಕೈಗೆ ಸಿಗುವಂತಿದ್ದರೆ ಹೆಸರು ತಾನಾಗಿಯೇ ನಾಲಗೆಯ ಮೇಲೆ ಬರುತ್ತದೆ.

ಸಿದ್ಧೇಶ್ವರ ಸ್ವಾಮೀಜಿಯವರ ಕೆಲಸ ಮಾತು. ಆ ಮಾತು ಪುಸ್ತಕಗಳಾಗಿ ಬಂದಿದೆ, ಧ್ವನಿಮುದ್ರಣಗಳಲ್ಲಿದೆ. ನಮ್ಮ ಊರಿನ ವಾಚನಾಲಯದಲ್ಲಿ ಆ ಪುಸ್ತಕಗಳಿವೆಯೇ ಎಂದು ಕೇಳಿದೆ. ಬಂದ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೆಂಗಸರು ಹೋಗಿ ಕೂತು ಓದುವಂಥ ವಾಚನಾಲಯವೇ ನಮ್ಮಲ್ಲಿಲ್ಲ. ಇರುವ ಒಂದು ಕೋಣೆಯಲ್ಲಿ ಗಂಡಸರು ಪೇಪರ್ ಹರಡಿಕೊಂಡು ಕೂತಿರುತ್ತಾರೆ. ಫಲಕಕ್ಕೆ, ಕಲ್ಲಿಗೆ, ಉದ್ಘಾಟನೆಯ ಶಾಲು ಹಾರಕ್ಕೆ ಆಗುವ ಖರ್ಚಿನಲ್ಲಿ ಒಂದು ಕಪಾಟು ತುಂಬ ಪುಸ್ತಕ ಬರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕು ಹೆಂಗಸರಿಗೆಂದು ಬಾಗಿಲು ತೆರೆದರೆ ಮತ್ತೊಂದು ತಾಸು 'ಯಾರೂ ಕರೆಯದ ಹೊತ್ತು' ಸಿಗುತ್ತದೆ.

ಹೆಸರಿಡಲೇಬೇಕೆಂಬ ಹಟವಿದ್ದವರಿಗೂ ದಾರಿಯಿದೆ. ಊರ ಹೊರಗೆ ಎನ್.ಎ. ಆದ ಹೊಲಗಳಲ್ಲಿ ಹೊಸ ಬಡಾವಣೆಗಳು ಎದ್ದಿವೆ. ಅಲ್ಲಿ ಒಂದನೇ ಅಡ್ಡರಸ್ತೆ, ಎರಡನೇ ಅಡ್ಡರಸ್ತೆ ಎಂಬ ಅಂಕಿಗಳಷ್ಟೇ ಇವೆ. ಹೆಸರಿಲ್ಲದ ಕೂಸುಗಳು ಅಲ್ಲಿವೆ. ಅವಕ್ಕೆ ಇಡಿ, ಯಾರ ಹೆಸರೂ ಅಳಿಯುವುದಿಲ್ಲ. ಇಡುವಾಗ ಊರಿನ ಮೊದಲ ಸಾಲೆಯ ಶಿಕ್ಷಕಿ, ಸಾವಿರ ಹೆರಿಗೆ ಮಾಡಿಸಿದ ಸೂಲಗಿತ್ತಿ, ಇವರನ್ನೂ ನೆನೆಯಿರಿ. ಆದರೆ ಬೇಡವೆಂದು ಬರೆದಿಟ್ಟು ಹೋದವರನ್ನು ಮಾತ್ರ ಬಿಡಿ. ಹೆಸರಿಡದೆ ಇರುವುದೂ ಒಂದು ಗೌರವ, ಅದು ಅವರು ತಾವಾಗಿ ಕೇಳಿದ ಗೌರವ.

ನನ್ನ ಮಾತನ್ನು ಎಲ್ಲರೂ ಒಪ್ಪಿದರೆಂದಲ್ಲ. ಇಬ್ಬರು ಅರ್ಧಂಬರ್ಧ ಒಪ್ಪಿದರು, ಒಬ್ಬರು ಮುನಿಸಿಕೊಂಡರು. "ಮಾಸ್ತರಿಕಿ ಮಾತ ಭಾಳ ಆತು" ಎಂದದ್ದೂ ಆಮೇಲೆ ಕಿವಿಗೆ ಬಿತ್ತು. ಕೊನೆಗೆ ಎದುರುಮನೆಯ ಕಾಕು ಒಳಗಿನಿಂದಲೇ, "ಮನವಿ ಅಂತೂ ಬರಿಯಾಕಿ ಇದ್ದೀಯಲ್ಲವಾ, ಲೈಟಿಂದ ಬರಿ" ಎಂದರು. ಎಲ್ಲರೂ ಸುಮ್ಮನಾದರು. ಪ್ರವಚನದ ದಿನಗಳಲ್ಲಿ ಗುಂಪಿನ ಧೈರ್ಯದಿಂದ ಬೆಳಗಿನ ಐದಕ್ಕೆ ಹೊರಟ ಹೆಂಗಸರು, ಪ್ರವಚನ ಮುಗಿದ ಮೇಲೆ ಆ ಹೊತ್ತಿನಲ್ಲಿ ಹೊರಗೆ ಬಿದ್ದದ್ದಿಲ್ಲ. ಓಣಿಯ ಆರು ಕಂಬಗಳಲ್ಲಿ ನಾಲ್ಕಕ್ಕೆ ದೀಪವಿಲ್ಲ. ಗಟಾರದ ಮೇಲಿನ ಎರಡು ಹಾಸುಗಲ್ಲು ಕುಸಿದಿವೆ. ಮುಂಜಾನೆಯ ಬಸ್ಸಿಗೆ ಕಾಲೇಜಿಗೆ ಹೋಗುವ ಹುಡುಗಿಯರನ್ನು ಮನೆಯ ಗಂಡಸರು ಸ್ಟ್ಯಾಂಡಿನ ತನಕ ಬಿಟ್ಟು ಬರಬೇಕಾಗಿದೆ.

ಹೀಗಾಗಿ ಮನವಿ ಬರೆದೆ. ಬಳೆಗಾರ ಓಣಿಯ ರಸ್ತೆಗೆ ನಾಲ್ಕು ದೀಪ, ಎರಡು ಹಾಸುಗಲ್ಲು, ವಾಚನಾಲಯದಲ್ಲಿ ಹೆಂಗಸರಿಗೆ ದಿನಕ್ಕೆ ಎರಡು ತಾಸು. ಕೆಳಗೆ ಓಣಿಯ ಮೂವತ್ತೊಂದು ಹೆಂಗಸರ ಸಹಿ. ಕೆಲವರು ಗಂಡನ ಮನೆಯ ಹೆಸರಿನಿಂದ ಸಹಿ ಮಾಡಿದರು, ಕೆಲವರು ತವರಿನ ಹೆಸರಿನಿಂದ. ಯಾವುದನ್ನೂ ತಿದ್ದಲು ಹೋಗಲಿಲ್ಲ. ಅರ್ಜಿ ಈಗ ಪುರಸಭೆಯಲ್ಲಿದೆ. ದೀಪ ಹತ್ತಿದ ದಿನ ಉದ್ಘಾಟನೆಯ ಕಲ್ಲು ಬೇಡವೆಂದು ಅದರಲ್ಲಿಯೇ ಒಂದು ಸಾಲು ಸೇರಿಸಿದ್ದೇವೆ.